ಐಸಿಡಿಗೆ ಸುರಕ್ಷತಾ ಎಚ್ಚರಿಕೆ ಬಂದ ಮೇಲೆ: ತೆಗೆಸುವುದೋ, ಕಾಯುವುದೋ?

ನನ್ನ ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಕೆಲವು ವರ್ಷಗಳಿಂದ ಒಂದು ಐಸಿಡಿ ಇದೆ. ಹೃದಯದ ಕೆಳಗಿನ ಕೋಣೆಗಳು ಲಯ ತಪ್ಪಿ ಓಡತೊಡಗಿದರೆ ಶಾಕ್ ಕೊಟ್ಟು ಸರಿಪಡಿಸುವ, ಬಡಿತ ತೀರಾ ನಿಧಾನವಾದರೆ ಪೇಸ್‌ಮೇಕರ್‌ನ ಕೆಲಸವನ್ನೂ ಮಾಡುವ ಸಾಧನ ಅದು. ಒಮ್ಮೆ ಅದು ಶಾಕ್ ಕೊಟ್ಟು ನನ್ನನ್ನು ಉಳಿಸಿದ್ದೂ ಇದೆ. ಆ ಮಾದರಿಯ ಕೆಲವು ಸಾಧನಗಳಲ್ಲಿ ಬ್ಯಾಟರಿ ಅವಧಿಗೆ ಮುನ್ನವೇ ಬರಿದಾಗಬಹುದೆಂದು ತಯಾರಕರು ಎಚ್ಚರಿಕೆ ಹೊರಡಿಸಿದ ದಿನದಿಂದ, ಸಾಧನ ಬದಲಾಗಿ ಗಾಯ ಮಾಯುವವರೆಗಿನ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪತ್ರ ಕೈಗೆ ಬಂದವರಿಗೆ ಮೊದಲು ಹೊಳೆಯುವ ಯೋಚನೆ ಒಂದೇ: ಕೆಟ್ಟದ್ದನ್ನು ಒಳಗಿಟ್ಟುಕೊಳ್ಳುವುದೇಕೆ, ತೆಗೆಸಿಬಿಡೋಣ. ಆದರೆ ತೆಗೆಸುವುದಕ್ಕೂ ಅದರದೇ ಆದ ಅಪಾಯವಿದೆ ಮತ್ತು ಎಷ್ಟೋ ಜನರ ಪಾಲಿಗೆ ಅದು ಇಟ್ಟುಕೊಳ್ಳುವ ಅಪಾಯಕ್ಕಿಂತ ದೊಡ್ಡದು ಎಂಬ ಮಾತು ಆ ಪತ್ರದಲ್ಲಿ ಎದ್ದು ಕಾಣುವಂತೆ ಇರುವುದಿಲ್ಲ.

ವಿಷಯ ನನಗೆ ತಿಳಿದದ್ದು ಪತ್ರದಿಂದಲ್ಲ, ಸುದ್ದಿಯಿಂದ. ತಯಾರಕರ ಪತ್ರ ಮೊದಲು ವೈದ್ಯರಿಗೂ ಆಸ್ಪತ್ರೆಗಳಿಗೂ ಹೋಗುತ್ತದೆ. ರೋಗಿಗಳ ಕೈಗೆ ಬರುವುದು ಅದಾದ ನಂತರ, ಅದೂ ಆಸ್ಪತ್ರೆಯಲ್ಲಿ ನಮ್ಮ ವಿಳಾಸ ಸರಿಯಾಗಿ ದಾಖಲಾಗಿದ್ದರೆ. ಸುದ್ದಿಯಲ್ಲಿ ಮಾದರಿಯ ಹೆಸರಷ್ಟೇ ಇತ್ತು. ಕಪಾಟಿನಲ್ಲಿದ್ದ ಸಾಧನದ ಗುರುತಿನ ಕಾರ್ಡ್ ತೆಗೆದು ನೋಡಿದರೆ ಅದೇ ಹೆಸರು. ಆ ರಾತ್ರಿ ಎಡಮಗ್ಗುಲಿಗೆ ಹೊರಳಲೂ ಭಯವಾಯಿತು. ಮರುದಿನ ಫೋನು ಮಾಡಿದ ತಮ್ಮ, “ಅಕ್ಕಾ, ಯೋಚನೆ ಮಾಡ್ತಾ ಕೂರಬೇಡ, ಈ ವಾರವೇ ತೆಗೆಸಿಬಿಡು” ಎಂದ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಇಲ್ಲಿ ಒಂದು ಮಾತು. ಮಾದರಿಯ ಹೆಸರು ಹೊಂದಿದ ಮಾತ್ರಕ್ಕೆ ನಿಮ್ಮ ಸಾಧನವೂ ಎಚ್ಚರಿಕೆಯ ಪಟ್ಟಿಯಲ್ಲಿದೆ ಎಂದಲ್ಲ. ಹಲವು ಬಾರಿ ನಿರ್ದಿಷ್ಟ ಅವಧಿಯಲ್ಲಿ ತಯಾರಾದ, ನಿರ್ದಿಷ್ಟ ಸೀರಿಯಲ್ ಸಂಖ್ಯೆಗಳ ಸಾಧನಗಳಷ್ಟೇ ಅದರಲ್ಲಿ ಸೇರಿರುತ್ತವೆ. ಕಾರ್ಡಿನಲ್ಲಿ ಜನರೇಟರಿನ, ಅಂದರೆ ಬ್ಯಾಟರಿ ಮತ್ತು ಸರ್ಕ್ಯೂಟ್ ಇರುವ ಲೋಹದ ಡಬ್ಬಿಯ, ಸೀರಿಯಲ್ ಸಂಖ್ಯೆ ಒಂದಾದರೆ ಅದರಿಂದ ಹೃದಯದೊಳಕ್ಕೆ ಹೋಗುವ ಲೀಡ್ ತಂತಿಗಳ ಸಂಖ್ಯೆಗಳು ಬೇರೆ. ಎಚ್ಚರಿಕೆ ಯಾವುದಕ್ಕೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು, ಏಕೆಂದರೆ ಇವೆರಡರ ದಾರಿಯೇ ಬೇರೆ. ಜನರೇಟರನ್ನು ಹಳೆಯ ಗಾಯದ ಗುರುತಿನಲ್ಲೇ ಕೊಯ್ದು ಬದಲಾಯಿಸಬಹುದು. ಲೀಡ್ ಹಾಗಲ್ಲ, ವರ್ಷಗಳು ಕಳೆದಂತೆ ಅದು ರಕ್ತನಾಳದ ಗೋಡೆಗೂ ಹೃದಯಕ್ಕೂ ಅಂಟಿಕೊಂಡುಬಿಡುತ್ತದೆ. 2007ರಲ್ಲಿ ಮೆಡ್‌ಟ್ರಾನಿಕ್ ಕಂಪನಿಯು ಸ್ಪ್ರಿಂಟ್ ಫಿಡೆಲಿಸ್ ಲೀಡ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದಾಗಲೂ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಲೀಡ್‌ಗಳನ್ನು ಎಲ್ಲರಿಂದಲೂ ಹೊರತೆಗೆಯಬೇಕೆಂದು ಯಾರೂ ಹೇಳಲಿಲ್ಲ. ತಂತಿ ಮುರಿದು ಅನಗತ್ಯ ಶಾಕ್ ಬರುವ ಭಯ ನಿಜವಾಗಿತ್ತು. ಆದರೆ ಕಿತ್ತು ತೆಗೆಯುವಾಗ ರಕ್ತನಾಳ ಹರಿಯುವ ಭಯವೂ ಅಷ್ಟೇ ನಿಜವಾಗಿತ್ತು.

ಪಟ್ಟಿಯಲ್ಲಿ ನನ್ನ ಸೀರಿಯಲ್ ಸಂಖ್ಯೆ ಇತ್ತು. ಆಸ್ಪತ್ರೆಗೆ ಫೋನು ಮಾಡಿದರೆ ಆ ಹೊತ್ತಿಗಾಗಲೇ ಎಲ್ಲರೂ ಮಾಡುತ್ತಿದ್ದರೆಂದು ಕಾಣುತ್ತದೆ. ಲೈನ್ ಸಿಗುವುದೇ ಕಷ್ಟವಾಯಿತು. ಸಿಕ್ಕಾಗ ಕೊಟ್ಟ ದಿನಾಂಕ ಬಹಳ ದೂರದ್ದು. “ನನಗೆ ಹಿಂದೆ ಶಾಕ್ ಬಂದಿದೆ” ಎಂದ ಮೇಲೆ ಅದು ಹತ್ತಿರಕ್ಕೆ ಬಂತು. ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ, ಆದ್ದರಿಂದ ಮೂರು ಸಂಗತಿಗಳನ್ನು ಫೋನಿನಲ್ಲೇ ಹೇಳಿಬಿಡಿ: ಸಾಧನ ಈವರೆಗೆ ಶಾಕ್ ಕೊಟ್ಟಿದೆಯೇ, ನಿಮ್ಮ ಹೃದಯ ಪೇಸಿಂಗನ್ನೇ (ಅಂದರೆ ಸಾಧನ ಬಡಿಸುವ ಬಡಿತವನ್ನೇ) ನಂಬಿಕೊಂಡಿದೆಯೇ, ಮತ್ತು ತಲೆ ಸುತ್ತುವುದು ಅಥವಾ ಪ್ರಜ್ಞೆ ತಪ್ಪುವುದು ಇತ್ತೀಚೆಗೆ ಆಗಿದೆಯೇ.

ತಪಾಸಣೆಯಲ್ಲಿ ತಂತ್ರಜ್ಞೆ ಪ್ರೋಗ್ರಾಮರ್ ಎಂಬ ಯಂತ್ರಕ್ಕೆ ಸೇರಿದ ತಣ್ಣನೆಯ ಬಿಲ್ಲೆಯೊಂದನ್ನು ನನ್ನ ಎದೆಯ ಮೇಲಿಟ್ಟರು. ಬ್ಯಾಟರಿಯ ವೋಲ್ಟೇಜ್, ಲೀಡ್‌ಗಳ ರೋಧ, ಎಷ್ಟು ಶಕ್ತಿ ಕೊಟ್ಟರೆ ಹೃದಯ ಬಡಿಯುತ್ತದೆ ಎಂಬ ಮಿತಿ, ಈವರೆಗೆ ದಾಖಲಾದ ಲಯದ ಏರುಪೇರುಗಳು, ಎಲ್ಲವೂ ಪರದೆಯ ಮೇಲೆ ಬಂದವು. ಆಮೇಲೆ ಅವರು, “ಈಗ ಪೇಸಿಂಗ್ ವೇಗ ಸ್ವಲ್ಪ ಸ್ವಲ್ಪವಾಗಿ ಇಳಿಸ್ತೀನಿ, ಹೇಗನ್ನಿಸಿದರೂ ಹೇಳಿ” ಎಂದರು. ಪರದೆಯ ಮೇಲೆ ಅಂಕಿ 60ರಿಂದ 50ಕ್ಕೆ, ಅಲ್ಲಿಂದ 45ಕ್ಕೆ ಇಳಿಯಿತು. ಕಿವಿಯಲ್ಲಿ ಸಣ್ಣ ಮೊರೆತ, ಹಣೆಯಲ್ಲಿ ಬೆವರು, ಮೈಯೆಲ್ಲ ಹಗುರಾದ ಹಾಗೆ. 40ಕ್ಕೆ ಬರುವಷ್ಟರಲ್ಲಿ ನನ್ನ ಹೃದಯ ತಾನಾಗಿಯೇ ಬಡಿಯತೊಡಗಿದ್ದು ಗೆರೆಯಲ್ಲಿ ಕಂಡಿತು, ಅವರು ಕೂಡಲೇ ವೇಗವನ್ನು ಮೊದಲಿನಂತೆ ಮಾಡಿದರು. ನಿರ್ಧಾರವೆಲ್ಲ ನಿಂತದ್ದು ಈ ಪುಟ್ಟ ಪರೀಕ್ಷೆಯ ಮೇಲೆ. ಸಾಧನ ಒಮ್ಮೆಲೇ ನಿಂತುಹೋದರೆ ನನ್ನ ಹೃದಯ ನಿಧಾನವಾಗಿಯಾದರೂ ನಡೆಯುತ್ತದೆ ಎಂದಾಯಿತು. ಸ್ವಂತ ಬಡಿತವೇ ಕಾಣಿಸದವರ ಲೆಕ್ಕ ಬೇರೆಯೇ ಆಗುತ್ತದೆ.

ವೈದ್ಯರನ್ನು ಕಂಡಾಗ ನಾನು ಕೇಳಿದ್ದು ಶಸ್ತ್ರಚಿಕಿತ್ಸೆಯ ದಿನಾಂಕವನ್ನು. ಅವರು ಕೊಟ್ಟದ್ದು ಒಂದಿಷ್ಟು ಅಂಕಿಗಳನ್ನು. 2004 ಮತ್ತು 2005ರಲ್ಲಿ ಐಸಿಡಿಗಳ ಬಗ್ಗೆ ಒಂದರ ಹಿಂದೊಂದು ಎಚ್ಚರಿಕೆಗಳು ಬಂದವು. ಗೈಡಂಟ್ ಕಂಪನಿಯ ಸಾಧನಗಳಲ್ಲಿನ ಶಾರ್ಟ್ ಸರ್ಕ್ಯೂಟ್ ದೋಷ ಬಯಲಾದದ್ದು ಆಗಲೇ. ಆ ಎಚ್ಚರಿಕೆಗಳಿಗೆ ಒಳಪಟ್ಟ ರೋಗಿಗಳಿಗೆ ಏನಾಯಿತೆಂದು ಕೆನಡಾದ 17 ಆಸ್ಪತ್ರೆಗಳಲ್ಲಿ ಪರಿಶೀಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಒಟ್ಟು 2,915 ಮಂದಿಯಲ್ಲಿ 533 ಮಂದಿ ಸಾಧನವನ್ನು ಮುಂಜಾಗ್ರತೆಯಾಗಿ ಬದಲಾಯಿಸಿಕೊಂಡಿದ್ದರು. ಅವರಲ್ಲಿ 43 ಮಂದಿಗೆ, ಅಂದರೆ ಶೇ. 8.1ರಷ್ಟು ಜನರಿಗೆ, ತೊಡಕುಗಳಾದವು, 31 ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು, ಇಬ್ಬರು ತೀರಿಕೊಂಡರು. ಎಚ್ಚರಿಕೆಯಲ್ಲಿ ಹೇಳಿದ ದೋಷದಿಂದ ಕೆಟ್ಟ ಸಾಧನಗಳು ಅದೇ ಅವಧಿಯಲ್ಲಿ ಕಂಡುಬಂದದ್ದು ಮೂರು, ಅವುಗಳಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆ ದಿನಗಳಿಗೂ ಇಂದಿಗೂ ಶಸ್ತ್ರಚಿಕಿತ್ಸೆಯ ರೀತಿ ಸುಧಾರಿಸಿದೆ, ಪ್ರತಿ ಎಚ್ಚರಿಕೆಯ ದೋಷವೂ ಬೇರೆ ಬೇರೆ, ಆದ್ದರಿಂದ ಈ ಅಂಕಿಯನ್ನು ಹಾಗೆಯೇ ನಿಮಗೆ ಅನ್ವಯಿಸುವಂತಿಲ್ಲ ಎಂದೂ ಅವರೇ ಹೇಳಿದರು. “ಆದರೆ ಡಬ್ಬಿ ಬದಲಾಯಿಸೋದು ಸಣ್ಣ ಕೆಲಸ ಅಂತ ಮಾತ್ರ ತಿಳಿಯಬೇಡಿ” ಎಂಬುದು ಅವರ ಮಾತು.

ಇನ್ನೊಂದು ಅಧ್ಯಯನದ ಅಂಕಿಯೂ ನೆನಪಿನಲ್ಲಿ ಉಳಿಯಿತು. ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ರಿಪ್ಲೇಸ್ ಅಧ್ಯಯನದ ಪ್ರಕಾರ, ಜನರೇಟರನ್ನಷ್ಟೇ ಬದಲಾಯಿಸಿದವರಲ್ಲಿ ಆರು ತಿಂಗಳೊಳಗೆ ದೊಡ್ಡ ತೊಡಕು ಕಂಡದ್ದು ಶೇ. 4ರಷ್ಟು ಮಂದಿಗೆ, ಜೊತೆಗೆ ಹೊಸ ಲೀಡ್ ಹಾಕಿಸುವ ಯೋಜನೆಯಿದ್ದವರಲ್ಲಿ ಅದು ಶೇ. 15.3. “ಹೇಗೂ ತೆರೆಯುತ್ತೇವಲ್ಲ, ಇನ್ನೊಂದು ಲೀಡನ್ನೂ ಹಾಕಿಬಿಡೋಣ” ಎಂದು ಯಾರಾದರೂ ಸೂಚಿಸಿದರೆ, ಅದರ ಅಗತ್ಯವೇನೆಂದು ಬಿಡಿಸಿ ಕೇಳಲು ಈ ಅಂತರವೊಂದೇ ಸಾಕು.

ನನಗೆ ಬಹಳ ಕಾಲ ಅರ್ಥವಾಗದೆ ಉಳಿದ ಸಂಗತಿಯೆಂದರೆ, ಎರಡನೆಯ ಸಲ ಅದೇ ಜಾಗ ತೆರೆದಾಗ ಸೋಂಕಿನ ಭಯ ಮೊದಲಿಗಿಂತ ಏಕೆ ಹೆಚ್ಚು ಎಂಬುದು. ವೈದ್ಯರು ವಿವರಿಸಿದ್ದು ಹೀಗೆ: ಸಾಧನದ ಸುತ್ತ ವರ್ಷಗಳಲ್ಲಿ ಗಟ್ಟಿ ಪೊರೆಯೊಂದು ಬೆಳೆದಿರುತ್ತದೆ, ಅದರಲ್ಲಿ ರಕ್ತಸಂಚಾರ ಕಡಿಮೆ. ರಕ್ತ ತಲುಪದ ಕಡೆ ಶರೀರದ ರಕ್ಷಣಾ ಕಣಗಳೂ, ನಾವು ತೆಗೆದುಕೊಳ್ಳುವ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಒಮ್ಮೆ ಸೋಂಕು ಹಿಡಿದರೆ ಮಾತ್ರೆಯಿಂದ ಅದು ಹೋಗುವುದಿಲ್ಲ. ಜನರೇಟರ್, ಲೀಡ್ ಎಲ್ಲವನ್ನೂ ತೆಗೆಯಬೇಕು, ವಾಸಿಯಾದ ಮೇಲೆ ಸಾಮಾನ್ಯವಾಗಿ ಇನ್ನೊಂದು ಕಡೆಯಿಂದ ಹೊಸದನ್ನು ಹಾಕಬೇಕು. ಬ್ಯಾಟರಿ ಕೆಡಬಹುದೆಂಬ ಅನುಮಾನಕ್ಕೆ ಹೊರಟವರು ಲೀಡ್ ಕೀಳಿಸುವ ಸ್ಥಿತಿಗೆ ಬರುವುದು ಹೀಗೆ.

ಇಷ್ಟೆಲ್ಲ ಕೇಳಿದ ಮೇಲೆ ನಾವು ಕಾಯುವ ತೀರ್ಮಾನಕ್ಕೆ ಬಂದೆವು. ನನಗೆ ಸ್ವಂತ ಬಡಿತವಿತ್ತು. ದೋಷ ಸದ್ದಿಲ್ಲದೆ ಬರುವಂಥದ್ದಾಗಿರದೆ ಬಹುಪಾಲು ಸಂದರ್ಭಗಳಲ್ಲಿ ಮುನ್ಸೂಚನೆ ಕೊಡುವಂಥದ್ದಾಗಿತ್ತು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವಳಾದ್ದರಿಂದ ಶಸ್ತ್ರಚಿಕಿತ್ಸೆಯ ಅಪಾಯ ನನಗೆ ಉಳಿದವರಿಗಿಂತ ಹೆಚ್ಚಾಗಿತ್ತು. ವಿರುದ್ಧ ತಟ್ಟೆಯಲ್ಲಿದ್ದದ್ದು ಹಿಂದೆ ಬಂದಿದ್ದ ಆ ಒಂದು ಶಾಕ್. ತಮ್ಮನಿಗೆ ಈ ತೀರ್ಮಾನ ಹಿಡಿಸಲಿಲ್ಲ. ಅವನನ್ನೂ ಮುಂದಿನ ಭೇಟಿಗೆ ಕರೆದುಕೊಂಡು ಹೋದೆ. ಅವನ ಪ್ರಶ್ನೆ ನೇರವಾಗಿತ್ತು: “ಡಾಕ್ಟರ್, ನಿಮ್ಮ ಅಕ್ಕನಿಗೇ ಹೀಗಾಗಿದ್ದರೆ?” ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ವಂತ ಬಡಿತ ಇಲ್ಲದಿದ್ದರೆ ಇವತ್ತೇ ಬದಲಾಯಿಸಿ ಅಂತಿದ್ದೆ. ಇರೋದರಿಂದ ಕಾಯಿಸ್ತೀನಿ” ಎಂದರು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಹಾಸಿಗೆಯ ಪಕ್ಕದಲ್ಲಿಡುವ ದೂರನಿಗಾ ಯಂತ್ರವೊಂದನ್ನು ಕೊಟ್ಟರು. ರಾತ್ರಿ ಮಲಗಿದಾಗ ಅದು ಸಾಧನದ ಮಾಹಿತಿಯನ್ನು ಓದಿ ಆಸ್ಪತ್ರೆಗೆ ಕಳಿಸುತ್ತದೆ. ಬ್ಯಾಟರಿ ಬದಲಾವಣೆಯ ಮಟ್ಟಕ್ಕೆ ಇಳಿದರೆ ಸಾಧನ ಎದೆಯಲ್ಲೇ ಕಂಪಿಸುತ್ತದೆ. ಕೆಲವು ಮಾದರಿಗಳು ಬೀಪ್ ಶಬ್ದ ಮಾಡುತ್ತವೆ. ಆ ಕಂಪನ ಹೇಗಿರುತ್ತದೆಂದು ತಪಾಸಣೆಯಲ್ಲೇ ಒಮ್ಮೆ ತೋರಿಸಿ ಎಂದು ಕೇಳಿ. ನನಗೆ ತೋರಿಸಿದ್ದರಿಂದಲೇ ಮುಂದೆ ಅದನ್ನು ಗುರುತಿಸಲಾಯಿತು. ಯಂತ್ರ ನಿಜವಾಗಿಯೂ ಸಂಪರ್ಕದಲ್ಲಿದೆಯೇ ಎಂಬುದನ್ನೂ ಆಸ್ಪತ್ರೆಯಿಂದ ಖಚಿತಪಡಿಸಿಕೊಳ್ಳಬೇಕು. ನನ್ನದು ಮಧ್ಯೆ ಕೆಲವು ರಾತ್ರಿ ಮಾಹಿತಿ ಕಳಿಸಿರಲೇ ಇಲ್ಲ, ಆಸ್ಪತ್ರೆಯವರೂ ಅದನ್ನು ಗಮನಿಸಿರಲಿಲ್ಲ. ನಾನಾಗಿ ಕೇಳಿದಾಗ ಹೊರಬಿತ್ತು.

ಹಣದ ವಿಷಯ ಈ ಅವಧಿಯಲ್ಲೇ ವಿಚಾರಿಸಿಕೊಂಡದ್ದು ಒಳ್ಳೆಯದಾಯಿತು. ಎಚ್ಚರಿಕೆಗೆ ಒಳಪಟ್ಟ ಸಾಧನಕ್ಕೆ ಬದಲಿ ಸಾಧನವನ್ನು ತಯಾರಕರು ಷರತ್ತುಗಳ ಮೇಲೆ ಉಚಿತವಾಗಿ ಕೊಡುವುದುಂಟು. ಆದರೆ ಸಾಧನ ಉಚಿತವೆಂದರೆ ಶಸ್ತ್ರಚಿಕಿತ್ಸೆ ಉಚಿತವೆಂದಲ್ಲ. ಕೊಠಡಿ, ಶಸ್ತ್ರಚಿಕಿತ್ಸಕರ ಶುಲ್ಕ, ಪರೀಕ್ಷೆಗಳು, ಔಷಧಿ, ಜೊತೆಗಿರುವವರ ಓಡಾಟ, ಕೆಲಸಕ್ಕೆ ಹೋಗದ ದಿನಗಳ ಸಂಬಳ, ಇವುಗಳಲ್ಲಿ ತಯಾರಕರು ಭರಿಸುವುದು ಒಂದು ಪಾಲನ್ನಷ್ಟೇ, ಅದಕ್ಕೂ ಮೇಲ್ಮಿತಿ ಇರುತ್ತದೆ. ವಿಮೆಯವರು ನನ್ನ ಮೊದಲ ವಿಚಾರಣೆಗೆ ಕೊಟ್ಟ ಉತ್ತರ, ಸಾಧನ ಕೆಲಸ ಮಾಡುತ್ತಿರುವಾಗ ಬದಲಾಯಿಸುವುದು ಅಗತ್ಯ ಚಿಕಿತ್ಸೆಯಲ್ಲ ಎಂದು. ಬದಲಾವಣೆ ವೈದ್ಯಕೀಯವಾಗಿ ಏಕೆ ಬೇಕು ಎಂದು ವೈದ್ಯರು ಬರೆದುಕೊಟ್ಟ ಪತ್ರ, ತಯಾರಕರ ನೋಟಿಸಿನ ಪ್ರತಿ, ಸಾಧನದ ಕಾರ್ಡಿನ ಪ್ರತಿ, ತಪಾಸಣೆಯ ಮುದ್ರಿತ ವರದಿ, ಇವಿಷ್ಟನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದರಿಂದ ಆಮೇಲೆ ತುರ್ತು ಬಂದಾಗ ಹುಡುಕಾಡುವುದು ತಪ್ಪಿತು. ಯಾರು ಏನು ಭರಿಸುತ್ತಾರೆಂಬುದನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ, ಬರಹದಲ್ಲಿ ಪಡೆಯಿರಿ.

ಕೆಲವು ತಿಂಗಳು ಹೀಗೆ ನಡೆಯಿತು. ಒಂದು ಬೆಳಗ್ಗೆ ಪುಸ್ತಕ ಜೋಡಿಸುತ್ತಿದ್ದಾಗ ಎದೆಯ ಎಡಭಾಗದಲ್ಲಿ, ಸೈಲೆಂಟ್‌ನಲ್ಲಿಟ್ಟ ಮೊಬೈಲನ್ನು ಚರ್ಮದೊಳಗೆ ಹೊಲಿದಿಟ್ಟ ಹಾಗೆ, ಕಂಪನ. ನಿಂತಿತು. ಮತ್ತೆ ಬಂತು. ಆಸ್ಪತ್ರೆಗೆ ಫೋನು ಮಾಡಿದರೆ, ದೂರನಿಗಾ ಯಂತ್ರದ ವರದಿ ನೋಡಿ, “ಊಟ ಮಾಡಬೇಡಿ, ವಾರ್ಫರಿನ್ ಚೀಟಿ ತೆಗೆದುಕೊಂಡು ಈಗಲೇ ಹೊರಟು ಬನ್ನಿ” ಎಂದರು. ನನ್ನ ಸಾಧನದ ದೋಷದಲ್ಲಿ, ಮುನ್ಸೂಚನೆ ಬಂದ ಮೇಲೆ ಬ್ಯಾಟರಿ ಎಷ್ಟು ಬೇಗ ಬರಿದಾಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಸಾಮಾನ್ಯ ಸಂದರ್ಭದಲ್ಲಿ ಈ ಮಟ್ಟ ತಲುಪಿದ ಮೇಲೂ ಸುಮಾರು ಮೂರು ತಿಂಗಳ ಅವಕಾಶವಿರುತ್ತದೆ. ಎಚ್ಚರಿಕೆಗೆ ಒಳಪಟ್ಟ ಬ್ಯಾಟರಿಗೆ ಆ ಭರವಸೆ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕಂಪನ ಬಂದರೆ ಬೆಳಗಾಗಲೆಂದು ಕಾಯಬೇಕೇ ಎಂಬುದನ್ನು ನಿಮ್ಮ ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಿ.

ವಾರ್ಫರಿನ್ ನಿಲ್ಲಿಸಿ, ರಕ್ತ ತೆಳುವಾಗಿಸುವ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೇನೋ ಎಂದುಕೊಂಡಿದ್ದೆ. ಹಳೆಯ ಪದ್ಧತಿ ಹಾಗಿತ್ತಂತೆ. 2013ರಲ್ಲಿ ಪ್ರಕಟವಾದ ಬ್ರೂಸ್ ಕಂಟ್ರೋಲ್ ಎಂಬ ಪ್ರಯೋಗದಲ್ಲಿ, ಹೆಪಾರಿನ್‌ಗೆ ಬದಲಾಯಿಸಿದವರಲ್ಲಿ ಶೇ. 16ರಷ್ಟು ಮಂದಿಗೆ, ಚರ್ಮದಡಿ ಸಾಧನ ಕೂರುವ ಚೀಲದಂಥ ಜಾಗದಲ್ಲಿ, ದೊಡ್ಡ ರಕ್ತಗಂಟು ಆಯಿತು. ವಾರ್ಫರಿನ್ ಮುಂದುವರಿಸಿದವರಲ್ಲಿ ಶೇ. 3.5. ಆದ್ದರಿಂದ ನನ್ನ ಮಾತ್ರೆಯನ್ನು ನಿಲ್ಲಿಸದೆ, ರಕ್ತ ಎಷ್ಟು ತೆಳುವಾಗಿದೆಯೆಂದು ತೋರಿಸುವ ಐಎನ್‌ಆರ್ ಅಂಕಿ ಮಿತಿಯಲ್ಲಿದೆಯೆಂದು ನೋಡಿಕೊಂಡು ಮುಂದುವರಿದರು. ಇದು ನನ್ನ ಪ್ರಕರಣ. ಬೇರೆ ಮಾತ್ರೆ ನುಂಗುವವರಿಗೆ ಬೇರೆ ಲೆಕ್ಕವಿರುತ್ತದೆ, ಸ್ವಂತ ಬುದ್ಧಿಯಿಂದ ನಿಲ್ಲಿಸುವುದೂ ಮುಂದುವರಿಸುವುದೂ ಬೇಡ.

ಶಸ್ತ್ರಚಿಕಿತ್ಸೆ ಮಂಪರು ಬರಿಸಿ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ನಡೆಯಿತು. ಕೊಯ್ಯುವ ಮೊದಲು ರಕ್ತನಾಳದ ಮೂಲಕ ಪ್ರತಿಜೀವಕ ಕೊಟ್ಟರು. ಮುಖದ ಮೇಲೆ ಹಸಿರು ಬಟ್ಟೆ. ನೋವಿಲ್ಲದಿದ್ದರೂ ಎಳೆತ, ಒತ್ತಡ ತಿಳಿಯುತ್ತಿತ್ತು, ಸುಟ್ಟ ವಾಸನೆ ಮೂಗಿಗೆ ಬರುತ್ತಿತ್ತು. ಲೀಡನ್ನು ಹಳೆಯ ಡಬ್ಬಿಗೆ ಬಿಗಿದಿದ್ದ ಸಣ್ಣ ತಿರುಪನ್ನು ಬಿಚ್ಚಿ, ಹೊಸದಕ್ಕೆ ಬಿಗಿಯುವಾಗ ತಿರುಪುಳಿ ಟಿಕ್ ಟಿಕ್ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆ ಕ್ಷಣಗಳಲ್ಲಿ ನನ್ನ ಹೃದಯ ತನ್ನಷ್ಟಕ್ಕೆ ತಾನು ಬಡಿಯುತ್ತಿತ್ತು. ಪೇಸಿಂಗನ್ನೇ ನಂಬಿದವರಿಗೆ ಈ ಹೊತ್ತಿಗೆಂದು ತಾತ್ಕಾಲಿಕ ಪೇಸಿಂಗ್ ವ್ಯವಸ್ಥೆ ಮಾಡಿಕೊಂಡಿರುತ್ತಾರೆ. ಹಳೆಯ ಲೀಡ್‌ಗೆ ಗೀರು ಬೀಳದಂತೆ ಪೊರೆಯಿಂದ ಬಿಡಿಸುವುದೇ ಇಡೀ ಕೆಲಸದ ನಾಜೂಕಿನ ಭಾಗ ಎಂದು ವೈದ್ಯರು ಆಮೇಲೆ ಹೇಳಿದರು. ಸಾಧನವನ್ನು ಸೋಂಕುನಿರೋಧಕ ಜಾಲರಿ ಚೀಲದೊಳಗಿಟ್ಟು ಹೊಲಿದಿದ್ದರು; ಅಂಥ ಚೀಲದಿಂದ ದೊಡ್ಡ ಸೋಂಕುಗಳು ಸುಮಾರು ಶೇ. 40ರಷ್ಟು ಕಡಿಮೆಯಾದವೆಂದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಅದರ ಬೆಲೆ ಬಿಲ್ಲಿನಲ್ಲಿ ಬೇರೆಯಾಗಿಯೇ ಬಂತು.

ಡಿಸ್ಚಾರ್ಜ್ ಆದ ಕೆಲವೇ ದಿನಗಳಲ್ಲಿ ಗಾಯದ ಜಾಗ ಉಬ್ಬಿತು. ಮೊದಲು ನೀಲಿ, ಆಮೇಲೆ ನೇರಳೆ. ಚರ್ಮ ಬಿಗಿದು ಹೊಳೆಯತೊಡಗಿತು, ಕುಪ್ಪಸದ ಅಂಚು ತಾಗಿದರೂ ನೋವು. ವಾರ್ಫರಿನ್ ಮುಂದುವರಿಸಿದವರಲ್ಲೂ ಆಗಬಹುದಾದದ್ದು ನನಗೆ ಆಗಿತ್ತು. ಪಕ್ಕದ ದವಾಖಾನೆಯಲ್ಲಿ ಗಾಯ ನೋಡಿದವರು, “ಸೂಜಿ ಹಾಕಿ ರಕ್ತ ಎಳೆದುಬಿಡೋಣ, ಹಗುರಾಗುತ್ತೆ” ಎಂದರು. ಬೇಡವೆಂದು ಎದ್ದು ಬಂದೆ, ಏಕೆಂದರೆ ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ಸಾಧನದ ಚೀಲಕ್ಕೆ ಯಾರೂ ಸೂಜಿ ಚುಚ್ಚಬಾರದು. ಸೂಜಿಯ ಜೊತೆಗೇ ಸೋಂಕು ಒಳಹೋಗಬಹುದು. ಇಂಥ ದೊಡ್ಡ ರಕ್ತಗಂಟು ಆದವರಲ್ಲಿ ಮುಂದೆ ಗಂಭೀರ ಸೋಂಕಿನ ಅಪಾಯ ಏಳು ಪಟ್ಟಿಗಿಂತ ಹೆಚ್ಚೆಂದು ಅದೇ ಬ್ರೂಸ್ ಕಂಟ್ರೋಲ್ ರೋಗಿಗಳನ್ನು ಮುಂದುವರಿದು ಗಮನಿಸಿದ ಅಧ್ಯಯನ ಹೇಳಿದೆ. ಈ ಅಂಕಿಯನ್ನು ನಾನು ಓದಿದ್ದು ಉಬ್ಬಿದ ಎದೆಯನ್ನು ಇಟ್ಟುಕೊಂಡೇ. ಇಡೀ ಪ್ರಕರಣದಲ್ಲಿ ನಾನು ನಿಜವಾಗಿ ಅತ್ತದ್ದು ಆ ರಾತ್ರಿ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ನೋಡಿ, ಒತ್ತುಪಟ್ಟಿ ಕಟ್ಟಿ, ಗಂಟಿನ ಅಂಚನ್ನು ಪೆನ್ನಿನಿಂದ ಗುರುತು ಮಾಡಿ, ಆ ಗೆರೆ ದಾಟಿದರೆ ಬನ್ನಿ ಎಂದು ಕಳಿಸಿದರು. ದಿನವೂ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ತಮ್ಮ ಫೋಟೊ ತೆಗೆದ. ಇದರಿಂದ ಬದಲಾವಣೆ ಅಳೆಯಲು ಬಹಳ ಅನುಕೂಲವಾಯಿತು. ಜ್ವರ, ಗಾಯದಿಂದ ಒಸರುವುದು, ಕೆಂಪು ಹರಡುವುದು, ಹೊಲಿಗೆ ಬಿಚ್ಚಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಮಾತ್ರೆ ಅಂಗಡಿಯ ಪ್ರತಿಜೀವಕ ನುಂಗದೆ ನೇರವಾಗಿ ಸಾಧನ ಹಾಕಿದ ಆಸ್ಪತ್ರೆಗೇ ಹೋಗಬೇಕು. ನನ್ನ ಗಂಟು ಗೆರೆ ದಾಟಲಿಲ್ಲ. ನೇರಳೆ ಹಸಿರಾಗಿ, ಹಳದಿಯಾಗಿ, ನಿಧಾನವಾಗಿ ಇಂಗಿತು. ಆದರೂ ಸೋಂಕು ತಡವಾಗಿಯೂ ಕಾಣಿಸಬಹುದಾದ್ದರಿಂದ ಒಂದು ವರ್ಷದವರೆಗೆ ಆ ಜಾಗದ ಮೇಲೆ ಕಣ್ಣಿಡಲು ಹೇಳಿದ್ದಾರೆ.

ಈಗಲೂ ಯಾರಾದರೂ, ಮೊದಲೇ ಬದಲಾಯಿಸಿಬಿಟ್ಟಿದ್ದರೆ ಒಳ್ಳೆಯದಿತ್ತಲ್ಲವೇ ಎಂದು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದೇ ಎಚ್ಚರಿಕೆಗೆ ಒಳಪಟ್ಟ ಬಹಳಷ್ಟು ಮಂದಿಯ ಬ್ಯಾಟರಿ ಕೆಡುವುದೇ ಇಲ್ಲ. ಅವರೆಲ್ಲ ನನ್ನಂತೆ ಉಬ್ಬಿದ ಗಾಯ ನೋಡುತ್ತ ಕೂರುವ ಅಗತ್ಯ ಎಲ್ಲಿತ್ತು? ನನ್ನದು ಕೆಟ್ಟಿತು ಎಂಬುದು ಕಾದದ್ದು ತಪ್ಪೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ, ಏಕೆಂದರೆ ಕಾಯುವಾಗ ಮಾಡಿಕೊಂಡಿದ್ದ ವ್ಯವಸ್ಥೆ ಬ್ಯಾಟರಿ ಕೆಟ್ಟ ದಿನವೇ ಕೆಲಸಕ್ಕೆ ಬಂತು.

ಇನ್ನೆರಡು ಮಾತು ಉಳಿದಿವೆ. ತೆಗೆದ ಸಾಧನವನ್ನು ಪರೀಕ್ಷೆಗಾಗಿ ತಯಾರಕರಿಗೆ ಕಳಿಸುತ್ತಾರೆ. ಅದರ ವರದಿಯ ಪ್ರತಿ ನಿಮಗೂ ಬೇಕೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಬರೆದು ಕೊಡಿ, ಆಮೇಲೆ ಕೇಳಿದರೆ ಯಾರ ಮೇಜಿನ ಮೇಲಿದೆಯೆಂದು ಹುಡುಕುವುದೇ ಕೆಲಸವಾಗುತ್ತದೆ. ಹೊಸ ಕಾರ್ಡ್ ಬಂದಾಗ ಅದರಲ್ಲಿ ಹಳೆಯ ಲೀಡ್‌ಗಳ ಸಂಖ್ಯೆಗಳೂ ಇವೆಯೇ ಎಂದು ನೋಡಿಕೊಳ್ಳಿ. ನನ್ನ ತಾತ್ಕಾಲಿಕ ಕಾರ್ಡಿನಲ್ಲಿ ಜನರೇಟರಿನದು ಮಾತ್ರ ಇತ್ತು, ತಿದ್ದಿಸಬೇಕಾಯಿತು. ಮೊದಲ ತಪಾಸಣೆಯಲ್ಲಿ ಲೀಡ್‌ಗಳ ಅಳತೆಗಳು ಶಸ್ತ್ರಚಿಕಿತ್ಸೆಗೆ ಮುನ್ನ ಇದ್ದಂತೆಯೇ ಇವೆ. ತಯಾರಕರ ವರದಿ ಇನ್ನೂ ಬಂದಿಲ್ಲ, ಅದು ಬರುವವರೆಗೆ ಅವರು ಭರಿಸಬೇಕಾದ ಪಾಲಿನ ಮರುಪಾವತಿಯೂ ಆಗುವುದಿಲ್ಲವಂತೆ. ಬಿಲ್ಲುಗಳ ಮೂಲಪ್ರತಿಯನ್ನು ಕೊಡದೆ ಪ್ರತಿಯನ್ನಷ್ಟೇ ಕೊಟ್ಟು ಕಾಯುತ್ತಿದ್ದೇನೆ.